ನೂರಾ ಹನ್ನೆರಡನೇ ಪುಟದ ಬಾಗಿಲು

ಫೆಬ್ರವರಿ ೩

ಪ್ರೀತಿಯ ಚುಕ್ಕಿ,

ಭಾನುವಾರ ನೀನು ಫೋನು ಮಾಡಿದಾಗ ನಾನು 'ಹೂಂ, ಹೂಂ' ಎಂದದ್ದನ್ನೆಲ್ಲ ಒಪ್ಪಿಗೆ ಎಂದು ತಿಳಿಯಬೇಡ. ಎಡಗಿವಿ ಯಾವತ್ತೋ ಕೈಬಿಟ್ಟಿತ್ತು, ಈಗ ಬಲಗಿವಿಯೂ ಅಣ್ಣನ ದಾರಿ ಹಿಡಿದಿದೆ. ಫೋನಿನಲ್ಲಿ ನೀನು ಮಾತಾಡಿದರೆ ತಗಡಿನ ಡಬ್ಬದಲ್ಲಿ ಕಾಳು ಅಲ್ಲಾಡಿಸಿದ ಹಾಗೆ ಕೇಳುತ್ತದೆ. ಅದಕ್ಕೇ ಹೇಳುವುದು, ಬರೆ. ಕಾಗದ ಪಿಸುಗುಟ್ಟಿದರೂ ನನಗೆ ಕೇಳುತ್ತದೆ.

ಕೆಲಸಕ್ಕೆ ಕೊರತೆಯಿಲ್ಲ. ಆಸ್ಪತ್ರೆಯ ನಲವತ್ತು ರಿಜಿಸ್ಟರುಗಳು ಬೈಂಡಿಂಗಿಗೆ ಬಂದಿವೆ. ಬೆನ್ನು ಬಿಟ್ಟುಕೊಂಡು, ಹಾಳೆ ಉದುರಿಸಿಕೊಂಡು, ಥೇಟ್ ರೋಗಿಗಳ ಹಾಗೆ ಸಾಲಾಗಿ ಕೂತಿವೆ. ದಿನಕ್ಕೆ ಮೂರು ಹೊಲಿಯುತ್ತೇನೆ. ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಇನ್ನೂ ಇದೆ.

ವಾರಪತ್ರಿಕೆಯಲ್ಲಿ ನಿನ್ನ ಪುಸ್ತಕದ ಮೊದಲ ಅಧ್ಯಾಯ ಬಂದದ್ದನ್ನು ಎದುರಿನ ಕಟಿಂಗ್ ಶಾಪಿನವರು ತಂದು ಕೈಗಿತ್ತರು. ಗಿರಾಕಿಯ ಕೆನ್ನೆಗೆ ಅರ್ಧ ಸೋಪು ಹಚ್ಚಿ ಬಂದಿದ್ದರು, ಹಾಗೇ ಓಡಿ ಹೋದರು.

ಓದಿದೆ. ನೀನು ಬರೆದದ್ದರಲ್ಲಿ ಸುಳ್ಳಿಲ್ಲ. ನಮ್ಮ ಪಕ್ಕದ ದರ್ಜಿಯ ಅಂಗಡಿಗೆ ಇಪ್ಪತ್ತೆರಡು ವರ್ಷದ ಹಿಂದೆ ಬೆಂಕಿ ಬಿದ್ದದ್ದಲ್ಲ, ಹಚ್ಚಿದ್ದು. ಕಡತದಲ್ಲಿ 'ವಿದ್ಯುತ್ ತಂತಿಯ ದೋಷ' ಎಂದು ಬರೆದು ಮುಚ್ಚಿದರು. ಆ ದಿನ ಬೆಳಿಗ್ಗೆಯಿಂದ ಬೀದಿಗೆ ಕರೆಂಟೇ ಇರಲಿಲ್ಲ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಹೇಳದೇ ಇರುವುದು ಹೇಗೆಂದೂ ಎಲ್ಲರಿಗೂ ಗೊತ್ತು.

ಆದರೂ ಒಂದು ಮಾತು. ಅವನು ಅಂಗಡಿ ಮುಂದಿನ ಕರಿಹಲಗೆಯ ಮೇಲೆ ದಿನಕ್ಕೊಂದು ತಮಾಷೆಯ ಸಾಲು ಬರೆಯುತ್ತಿದ್ದ. ಜನ ನಿಂತು ಓದಿ ನಗುತ್ತಿದ್ದರು. ಆ ದಿನ ಬರೆದ: 'ನಮ್ಮ ಮಾರುಕಟ್ಟೆಯ ತಕ್ಕಡಿಗೆ ಕಣ್ಣಿಲ್ಲ, ಹಿಡಿದ ಕೈಗೆ ಮಾತ್ರ ಇದೆ.' ಮಧ್ಯಾಹ್ನ ವರ್ತಕರ ಸಂಘದವರು ಗುಂಪು ಕಟ್ಟಿಕೊಂಡು ಬಂದರು. ಸೀಮೆಸುಣ್ಣದ ಒಂದು ಸಾಲಿಗೆ ಒಂದು ಜೀವ ಹೋಯಿತು. ನೀನು ಇನ್ನೂರು ಪುಟ ಬರೆದಿದ್ದೀಯ. ಆವತ್ತು ಗುಂಪಿನ ಮುಂದೆ ನಿಂತಿದ್ದವನು ಇವತ್ತು ಆ ಸಂಘದ ಅಧ್ಯಕ್ಷ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನೂ ಆಡಿಲ್ಲ ತಾನೇ? ಯೋಚಿಸು.

ಅಂಗಡಿಯ ಮುಂದಿನ ಗಾಜು ಬದಲಾಯಿಸಿದೆ. ಹಳೆಯದಾಗಿತ್ತು.

ಒಪ್ಪೊತ್ತು ಊಟ ಬಿಟ್ಟರೂ ನಿದ್ದೆ ಬಿಡಬೇಡ.

ನಿನ್ನ
ಅಪ್ಪ


ಫೆಬ್ರವರಿ ೧೪

ಅಪ್ಪಾ,

ಗಾಜು ಹಳೆಯದಾಗುವುದುಂಟಾ?

ಕಟಿಂಗ್ ಶಾಪಿನವರು ನನಗೆ ಫೋನು ಮಾಡಿದ್ದರು. ಕಲ್ಲಿಗೆ ನನ್ನ ಅಧ್ಯಾಯದ ಹಾಳೆಯನ್ನೇ ಸುತ್ತಿ ಎಸೆದಿದ್ದರಂತೆ. ನೀನು ಗಾಜಿನ ಚೂರು ಗುಡಿಸಿ, ಹಾಳೆಯನ್ನು ಇಸ್ತ್ರಿ ಮಾಡಿದ ಹಾಗೆ ನೀವಿ, ಮೇಜಿನ ಡ್ರಾಯರಿನಲ್ಲಿ ಇಟ್ಟೆಯಂತೆ. 'ನಿಮ್ಮಪ್ಪಂಗೆ ಹೇಳ್ಬೇಡಮ್ಮ ನಾನು ಹೇಳ್ದೆ ಅಂತ' ಎಂದರು. ಹೇಳಿಬಿಟ್ಟೆ.

ನನ್ನ ಕೆಲಸ ನಿನಗೆ ಗೊತ್ತು. ಕೋರ್ಟಿನಲ್ಲಿ ಸಾಕ್ಷಿಗಳು ಹೇಳಿದ್ದನ್ನು ಬೆಳಗಿನಿಂದ ಸಂಜೆಯವರೆಗೆ ಟೈಪ್ ಮಾಡುತ್ತೇನೆ. ಒಂದು ಪದ ಸೇರಿಸುವಂತಿಲ್ಲ, ಬಿಡುವಂತಿಲ್ಲ. ಒಂಬತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಊರಿನ ಬೆಂಕಿ, ಎಷ್ಟೋ ಬೀದಿಯ ರಕ್ತ ನನ್ನ ಬೆರಳಿನಿಂದ ಹಾದುಹೋಗಿದೆ. ನಾನೇ ಕಂಡ ಬೆಂಕಿಯ ಹೇಳಿಕೆಯನ್ನು ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ. ಒಂಬತ್ತು ವರ್ಷದ ಹುಡುಗಿಯನ್ನು ಯಾರು ಕೇಳುತ್ತಾರೆ? ಅದಕ್ಕೇ ಬರೆದೆ.

ಆದರೆ ಕಲ್ಲು ನನ್ನ ಕಿಟಕಿಗೆ ಬಿದ್ದಿದ್ದರೆ ನಾನು ಇನ್ನೊಂದು ಅಧ್ಯಾಯ ಬರೆಯುತ್ತಿದ್ದೆ. ಬರೆದವಳು ಮುನ್ನೂರು ಮೈಲಿ ಆಚೆ ಮೂರನೇ ಮಹಡಿಯಲ್ಲಿ ಬೆಚ್ಚಗಿದ್ದಾಳೆ, ಏಟು ಅಪ್ಪನಿಗೆ. ಬೇರೆಯವರ ಮೈ ಒಡ್ಡಿ ತೋರಿಸುವ ಧೈರ್ಯ ಎಂಥ ಧೈರ್ಯ?

ಪ್ರಕಾಶಕರಿಗೆ ಇವತ್ತು ಬೆಳಿಗ್ಗೆ ಹೇಳಿದೆ, ಪುಸ್ತಕ ಬೇಡ ಎಂದು. ಅವರು 'ಒಂದು ತಿಂಗಳು ಕಾಯ್ತೀನಿ' ಎಂದರು. ಕಾಯುವುದು ಬೇಡ ಎಂದೆ.

ನೀನು ಇನ್ನು ನೆಮ್ಮದಿಯಾಗಿರು.

ಚುಕ್ಕಿ


ಮಾರ್ಚ್ ೨

ಚುಕ್ಕಿ,

ನೆಮ್ಮದಿಯಾಗಿರು ಎಂದು ನೀನು ಬರೆದೆ. ಹನ್ನೆರಡು ದಿನ ಪ್ರಯತ್ನಪಟ್ಟೆ.

ಬೇಡ ಎಂದು ನಾನೇ ಬರೆದಿದ್ದೆ, ನಿಜ. ನೀನು ಆಯಿತು ಎಂದ ಕೂಡಲೇ ಎದೆ ಹಗುರಾಗಬೇಕಿತ್ತು. ಬದಲಿಗೆ, ಮಗಳ ಬಾಯಿಗೆ ಕೈ ಅಡ್ಡ ಹಿಡಿದ ಹಾಗಾಯಿತು. ಆ ಕೈ ಎಲ್ಲಿ ಇಡಬೇಕೋ ತಿಳಿಯದೆ ಓಡಾಡಿದೆ. ಕೊನೆಗೆ ಒಂದು ಯೋಚನೆ ಬಂತು. ಈ ವಿಷಯದಲ್ಲಿ ನೀನೂ ನಾನೂ ತೀರ್ಮಾನ ಮಾಡುತ್ತಿದ್ದೇವಲ್ಲ, ಗಂಡನನ್ನು ಕಳೆದುಕೊಂಡವಳನ್ನು ಯಾರಾದರೂ ಕೇಳಿದೆವಾ?

ದರ್ಜಿಯಮ್ಮ ಈಗ ಆಸ್ಪತ್ರೆಯಲ್ಲಿ ಬಟ್ಟೆ ಕೋಣೆಯ ಕೆಲಸದಲ್ಲಿದ್ದಾಳೆ. ಹರಿದ ಹಾಸುಬಟ್ಟೆ, ದಿಂಬಿನ ಚೀಲ, ರೋಗಿಗಳ ಅಂಗಿ ಹೊಲಿಯುವುದು. ರಿಜಿಸ್ಟರುಗಳನ್ನು ತಲುಪಿಸುವ ನೆಪ ಮಾಡಿಕೊಂಡು ಹೋದೆ. ಆ ದಿನದ ಮೇಲೂ ಒಂದೇ ಬೀದಿಯಲ್ಲಿ ಇಪ್ಪತ್ತೆರಡು ವರ್ಷ ಇದ್ದೇವೆ. ಎದುರಾದರೆ ತಲೆ ತಗ್ಗಿಸುವುದು, ಮಳೆ ಬರುವ ಹಾಗಿದೆ ಎನ್ನುವುದು, ಅಷ್ಟೇ. ಹೊಲಿಗೆ ಯಂತ್ರ ನಿಲ್ಲಿಸದೆಯೇ 'ಕೂತ್ಕೊಳ್ಳಿ' ಎಂದಳು. ವಿಷಯ ಹೇಳಿದೆ. ಯಂತ್ರ ನಿಂತಿತು.

'ಈಗ ಕೇಳ್ತಿದ್ದೀರಾ?' ಎಂದಳು. 'ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಏನೂ ಕೇಳಿಲ್ಲ. ಎಲ್ಲರೂ ಹೇಳೋರೇ. ಆ ಒಂದು ಸಾಲು ಬರೀದೇ ಇದ್ದಿದ್ರೆ ನಿನ್ನ ಗಂಡ ಬದುಕಿರ್ತಿದ್ದ ಅಂತ. ನೆಂಟರು ಹೇಳಿದ್ರು, ಪೊಲೀಸಿನವರು ಹೇಳಿದ್ರು. ನಾನೂ ನಂಬಿದ್ದೆ. ಆ ದಿನ ಬೆಳಿಗ್ಗೆ ಅಳಿಸಿ ಅಂತ ಅವರಿಗೆ ಹೇಳಿದ್ದೆ. ಮಧ್ಯಾಹ್ನ ಊಟ ಆದ್ಮೇಲೆ ಅಳಿಸ್ತೀನಿ, ಇನ್ನೊಂದಿಷ್ಟು ಜನ ನಗಲಿ ಅಂದ್ರು. ನಾನೇ ಅಳಿಸಬಹುದಿತ್ತು. ಒದ್ದೆ ಬಟ್ಟೆ ಕೈಯಲ್ಲೇ ಇತ್ತು.'

ಆಮೇಲೆ ನನ್ನ ಮುಖ ನೋಡಿ ಕೇಳಿದಳು. 'ಒಂದು ಮಾತು ಹೇಳಿ. ಸೀಮೆಸುಣ್ಣಕ್ಕೆ ಬೆಂಕಿ ಹತ್ತುತ್ತಾ?'

ಇಲ್ಲ ಎಂದೆ.

'ಅಷ್ಟು ತಿಳ್ಕೊಳ್ಳೋಕೆ ನನಗೆ ಹತ್ತು ವರ್ಷ ಬೇಕಾಯ್ತು' ಎಂದಳು.

ಆ ವಾರಪತ್ರಿಕೆಯನ್ನು ಅವಳೂ ಓದಿದ್ದಾಳೆ. ಒಂದು ಕಡೆ ತಪ್ಪಿದೆಯಂತೆ. ಅವನು ಗುಂಪಿನ ಮುಂದೆ ಕೈ ಮುಗಿದು ಪ್ರಾಣ ಬೇಡಿದ ಎಂದು ನೀನು ಬರೆದಿದ್ದೀಯ. ಅವನು ಪ್ರಾಣ ಬೇಡಲಿಲ್ಲ. ಸುಟ್ಟ ಮೇಲೆ ಬದುಕಿದ್ದ ನಾಲ್ಕು ದಿನದಲ್ಲಿ ಅವಳಿಗೆ ತಾನೇ ಹೇಳಿದನಂತೆ. ಅಂಗಡಿಯಲ್ಲಿ ಹನ್ನೊಂದು ಜನರ ಬಟ್ಟೆ ಇತ್ತು, ಅರ್ಧ ಹೊಲಿದದ್ದು, ಪೂರ್ತಿ ಹೊಲಿದದ್ದು. 'ಊರವರ ಬಟ್ಟೆ, ತೆಗೆದಿಟ್ಟು ಬರ್ತೀನಿ, ಆಮೇಲೆ ಏನ್ ಬೇಕಾದ್ರೂ ಮಾಡ್ಕೊಳ್ಳಿ' ಎಂದು ಕೇಳಿದ್ದು. ಒಂದು ಹೊರೆ ಎತ್ತಿಕೊಂಡು ಹೊರಗೆ ಬಂದ. ಇಡಲು ಜಾಗ ಸಿಗಲಿಲ್ಲ. ಹೊರೆಯ ಜೊತೆ ತಿರುಗಿ ಒಳಗೆ ಹೋದ, ಅಷ್ಟರಲ್ಲಿ ಅವರು ಶಟರ್ ಎಳೆದು ಬೆಂಕಿ ಇಟ್ಟರು.

'ಅದೊಂದು ಸರಿ ಮಾಡಿ ಪುಸ್ತಕ ಹಾಕಲಿ' ಎಂದಳು. 'ನನಗೆ ಹೆದರಿಕೆ ಇಲ್ಲ ಅಂತಲ್ಲ. ಇದೆ. ಆದ್ರೆ ಹೆದರಿಕೊಂಡು ಸುಮ್ಮನಿದ್ದಾಗಲೂ ಇತ್ತು.'

ನಾನು ಎದ್ದೆ. 'ಇನ್ನೇನಾದ್ರೂ ಹೇಳೋದಿತ್ತಾ?' ಎಂದು ಕೇಳಿದಳು. ಏನೂ ಇಲ್ಲ ಎಂದು ಬಂದೆ.

ಪ್ರಕಾಶಕರು ಇನ್ನೂ ಕಾಯುತ್ತಿದ್ದರೆ, ತಿದ್ದಿ ಕಳಿಸುತ್ತೇನೆ ಎಂದು ಹೇಳು.

ಅಪ್ಪ


ಮಾರ್ಚ್ ೧೧

ಅಪ್ಪಾ,

ನಿನ್ನ ಕಾಗದವನ್ನು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಓದಿದೆ. ಮಧ್ಯಾಹ್ನದ ಕಲಾಪಕ್ಕೆ ಹತ್ತು ನಿಮಿಷ ತಡವಾಗಿ ಹೋಗಿ ಬೈಸಿಕೊಂಡೆ.

ಇಷ್ಟು ವರ್ಷ ಅವರು ಬೇಡುತ್ತಿದ್ದರು ಎಂದೇ ತಿಳಿದಿದ್ದೆ. ನಾನು ಆ ದಿನ ಅಂಗಡಿಯಿಂದ ನಮ್ಮ ಮನೆಗೆ ಹತ್ತುವ ಮೆಟ್ಟಿಲ ಮೇಲಿದ್ದೆ, ಕಿಂಡಿಯಿಂದ ಬಂದದ್ದು ದನಿ ಮಾತ್ರ. ಭಯದಲ್ಲಿದ್ದ ಮಗುವಿನ ಕಿವಿಗೆ ಎಲ್ಲ ದನಿಯೂ ಬೇಡಿದ ಹಾಗೆಯೇ ಕೇಳಿತೇನೋ. ಸರಿಮಾಡಿದೆ. ಇಪ್ಪತ್ತೆರಡು ವರ್ಷದ ಮೇಲೆ ದರ್ಜಿ ಮಾಮನ ಕೈಗಳನ್ನು ಬಿಡಿಸಿ, ಅವುಗಳಲ್ಲಿ ಬಟ್ಟೆಯ ಹೊರೆ ಇಟ್ಟೆ. ಆ ವಾಕ್ಯ ಬರೆದಾಗ ಅತ್ತುಬಿಟ್ಟೆ.

ದರ್ಜಿ ಅತ್ತೆಗೆ ಇದನ್ನು ಹೇಳು. ಚಿಕ್ಕಂದಿನಲ್ಲಿ ನನ್ನ ಗೊಂಬೆಗೆ ಅಂಗಿ ಹೊಲಿದುಕೊಟ್ಟವರನ್ನು ಈಗ ಹೇಗೆ ಮಾತಾಡಿಸುವುದೋ ನನಗೆ ತಿಳಿಯದು.

ಪ್ರಕಾಶಕರು ಅಚ್ಚಿನ ಹಾಳೆಗಳನ್ನು ಕಳಿಸಿದ್ದಾರೆ. ಅವನ್ನೇ ನಿನಗೆ ಕಳಿಸುತ್ತಿದ್ದೇನೆ. ಮೊದಲಿಂದ ಕೊನೆಯವರೆಗೆ ಓದು. ತಪ್ಪಿದ್ದರೆ ಪೆನ್ಸಿಲಿನಲ್ಲಿ ಗುರುತು ಹಾಕು.

ಚುಕ್ಕಿ


ಮಾರ್ಚ್ ೨೯

ಚುಕ್ಕಿ,

ಓದಿದೆ. ಏಳು ಕಡೆ ಅಲ್ಪವಿರಾಮ ಬಿಟ್ಟುಹೋಗಿದೆ, ಗುರುತು ಹಾಕಿದ್ದೇನೆ.

ನೂರಾ ಹನ್ನೆರಡನೇ ಪುಟವನ್ನು ನಾಲ್ಕು ಸಲ ಓದಿದೆ. ಅವನು ಹೊರೆ ಎತ್ತಿಕೊಂಡು ಹೊರಗೆ ಬರುತ್ತಾನೆ. ಮುಂದಿನ ಸಾಲಿನಲ್ಲಿ ತಿರುಗಿ ಒಳಗೆ ಹೋಗುತ್ತಾನೆ. ಈ ಎರಡು ಸಾಲುಗಳ ನಡುವೆ ಏನೋ ಬಿಟ್ಟುಹೋಗಿದೆಯೇ ಎಂದು ಹುಡುಕಿದೆ. ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತಿದ್ದೆ. ಗುರುತು ಹಾಕಲಿಲ್ಲ.

ಇಲ್ಲಿ ಬಿಸಿಲು ಜೋರಾಗಿದೆ. ಅಂಟು ಬೇಗ ಒಣಗುತ್ತಿದೆ.

ಅಪ್ಪ


ಏಪ್ರಿಲ್ ೪

ಅಪ್ಪಾ,

ನೀನು ಏನು ಹುಡುಕಿದೆ ಎಂದು ಗೊತ್ತು. ಅದು ಬಿಟ್ಟುಹೋದದ್ದಲ್ಲ, ನಾನು ಬಿಟ್ಟದ್ದು.

ಅದು ಹಾಗೇ ಇರಲಿ. ಕೇಳಬೇಡ, ನಾನೂ ಹೇಳುವುದಿಲ್ಲ.

ಚುಕ್ಕಿ


ಏಪ್ರಿಲ್ ೨೬

ಚುಕ್ಕಿ,

ಅಕ್ಷರ ಬೇರೆಯದಾಗಿದೆ ಎಂದು ಹೆದರಬೇಡ. ಹೇಳುತ್ತಿರುವವನು ನಾನೇ, ನಿನ್ನ ಅಪ್ಪ. ಬರೆಯುತ್ತಿರುವವಳು ದರ್ಜಿಯಮ್ಮ. ನನ್ನ ಬಲಗೈ ಪ್ಲಾಸ್ಟರಿನಲ್ಲಿದೆ. ಮೊದಲು ಆ ಕಥೆ ಹೇಳಿ ಮುಗಿಸುತ್ತೇನೆ.

ನೀನು ಕಳಿಸಿದ ಅಚ್ಚಿನ ಹಾಳೆಗಳನ್ನು ಹೊಲಿದು, ರಟ್ಟು ಹಾಕಿ, ದರ್ಜಿಯಮ್ಮನಿಗೆ ಒಂದು ಪ್ರತಿ ಮಾಡಿಕೊಡೋಣ ಎಂದು ಕೂತಿದ್ದೆ. ಹೊಸ ಗಾಜು ಬಹಳ ಸ್ವಚ್ಛ, ಹೊರಗಿನಿಂದ ಎಲ್ಲ ಕಾಣುತ್ತದೆ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ನಾಲ್ವರು ಬಂದರು. 'ಆ ಪುಸ್ತಕ ಕೊಡಿ' ಎಂದರು. ಪೂರ್ತಿ ಆಗಿಲ್ಲ, ಅಂಟು ಹಸಿ ಇದೆ ಎಂದೆ. ನಿಜವಾಗಿಯೂ ಹಸಿ ಇತ್ತು. 'ಕೈ ತೆಗಿ' ಎಂದರು. ನಾನು ಪುಸ್ತಕದ ಮೇಲಿಂದ ಕೈ ತೆಗೆಯಲಿಲ್ಲ. ಪಕ್ಕದಲ್ಲಿ ಕಬ್ಬಿಣದ ತೂಕದ ಗಟ್ಟಿ ಇತ್ತು, ಹಾಳೆ ಒತ್ತಲು ಇಡುವುದು. ಒಬ್ಬ ಅದನ್ನು ಎತ್ತಿ ನನ್ನ ಮಣಿಕಟ್ಟಿನ ಮೇಲೆ ಹಾಕಿದ. ಎರಡು ಮೂಳೆ ಮುರಿದಿವೆ. ಪುಸ್ತಕ ಹರಿದು ಚರಂಡಿಗೆ ಎಸೆದರು. ಕಟಿಂಗ್ ಶಾಪಿನವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಕಾರಿಡಾರಿನ ಬೆಂಚಿನ ಮೇಲೆ ನನ್ನನ್ನು ದರ್ಜಿಯಮ್ಮ ನೋಡಿದಳು. ಅವತ್ತಿನಿಂದ ದಿನಾ ಕೆಲಸ ಮುಗಿಸಿ ಬಂದು ಹೋಗುತ್ತಾಳೆ. ಸಾಕು ಎಂದರೂ ಕೇಳುವುದಿಲ್ಲ.

ಈಗ ನೀನು ಮತ್ತೆ ಪುಸ್ತಕ ನಿಲ್ಲಿಸುತ್ತೇನೆ ಎನ್ನುತ್ತೀಯ. ಅದಕ್ಕೆ ಮೊದಲು ಇನ್ನೊಂದು ವಿಷಯ ಕೇಳು. ನೂರಾ ಹನ್ನೆರಡನೇ ಪುಟದಲ್ಲಿ ಏನಿಲ್ಲ ಎಂಬುದನ್ನು ನಾನು ಹೇಳಬೇಕು. ಬೇರೆ ಯಾರ ಕೈಯಿಂದಾದರೂ ಬರೆಸಬಹುದಿತ್ತು. ಇವಳ ಕೈಯಿಂದಲೇ ಬರೆಸುತ್ತಿದ್ದೇನೆ.

ಅವನು ಬಟ್ಟೆಯ ಹೊರೆ ಎತ್ತಿಕೊಂಡು ನಮ್ಮ ಅಂಗಡಿಯ ಬೀದಿ ಬಾಗಿಲಿಗೆ ಬಂದ. ಮೂರು ಸಲ ತಟ್ಟಿದ. ನಾನು ಒಳಗೆ ಚಿಲಕದ ಮೇಲೆ ಕೈ ಇಟ್ಟು ನಿಂತಿದ್ದೆ. ಅವನು ತನ್ನನ್ನು ಒಳಗೆ ಬಿಡಿ ಎನ್ನುತ್ತಾನೆ ಎಂದುಕೊಂಡಿದ್ದೆ. ಹಾಗೆ ಅನ್ನಲಿಲ್ಲ. 'ಬಟ್ಟೆ ಇಟ್ಕೊಳ್ಳಿ ಸಾಕು' ಎಂದ. ಆಗ ನನ್ನ ಕಿವಿ ಎರಡೂ ಚೆನ್ನಾಗಿದ್ದವು. ಬಾಗಿಲು ತೆರೆಯಲಿಲ್ಲ. ಮನೆಯಲ್ಲಿ ಮಗು ಇತ್ತು, ಹೆಂಡತಿ ಸತ್ತು ವರ್ಷವೂ ಆಗಿರಲಿಲ್ಲ, ಎಲ್ಲ ಕಾರಣವೂ ಇತ್ತು. ಆದರೆ ತೆರೆಯಲಿಲ್ಲ. ಅಷ್ಟೇ.

ಇಲ್ಲಿಯವರೆಗೆ ಅವರು ಹೇಳಿದ್ದು. ಇನ್ನು ಮುಂದೆ ಬರೆಯುತ್ತಿರುವುದು ನಾನು.

ಚುಕ್ಕಿ, ಆ ಕೊನೆಯ ಸಾಲು ಬರೆದು ಪೆನ್ನು ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ನಿಮ್ಮಪ್ಪ ಕರೆಯಲಿಲ್ಲ. ಆಮೇಲೆ ನೀರು ಕುಡಿದು ಬಂದು ಕೂತೆ.

ಇಡೋಕೆ ಜಾಗ ಸಿಗಲಿಲ್ಲ ಎಂದಷ್ಟೇ ನನ್ನ ಗಂಡ ನನಗೆ ಹೇಳಿದ್ದರು. ಯಾರ ಬಾಗಿಲು ಎಂದು ಹೇಳಲಿಲ್ಲ. ಸಾಯುತ್ತಿದ್ದವರನ್ನು ನಾನೂ ಕೇಳಲಿಲ್ಲ. ನಮ್ಮ ಬೀದಿಯಲ್ಲಿ ಹದಿನಾಲ್ಕು ಬಾಗಿಲು. ಇಪ್ಪತ್ತೆರಡು ವರ್ಷ ದಿನಾ ಆ ಹದಿನಾಲ್ಕನ್ನೂ ನೋಡುತ್ತಾ ಕೆಲಸಕ್ಕೆ ಹೋಗಿದ್ದೇನೆ, ಇದಾ, ಅದಾ ಅಂತ. ಯಾರು ನಗುನಗುತ್ತಾ ಮಾತಾಡಿಸಿದರೂ ಇವರೇ ಇರಬೇಕು ಅನ್ನಿಸುತ್ತಿತ್ತು. ಯಾರ ಮನೆಯಲ್ಲೂ ಒಂದು ಲೋಟ ನೀರು ಕುಡಿದಿಲ್ಲ. ಇವತ್ತು ಅದು ಒಂದೇ ಬಾಗಿಲಾಯಿತು. ಹದಿಮೂರು ಮನೆಯ ಮೇಲಿನ ಸಂಶಯ ಇಳಿಯಿತು.

ನಿಮ್ಮಪ್ಪನಿಗೆ ಮಾತ್ರೆ ಕೊಟ್ಟು, ದಿಂಬು ಸರಿಮಾಡಿ ಬಂದೆ. ಕಾಗದ ನಾಳೆ ನಾನೇ ಟಪಾಲಿಗೆ ಹಾಕುತ್ತೇನೆ.

ದರ್ಜಿಯಮ್ಮ


ಮೇ ೫

ಅಪ್ಪನಿಗೆ, ಅತ್ತೆಗೆ,

ಇಬ್ಬರಿಗೂ ಒಂದೇ ಕಾಗದ. ಅತ್ತೆ, ನೀವು ಗಟ್ಟಿಯಾಗಿ ಓದಿ ಅಪ್ಪನಿಗೆ ಕೇಳಿಸಿ. ಬಲಗಿವಿಯ ಹತ್ತಿರ.

ನಾನು ಬಸ್ಸಿಗೆ ಟಿಕೆಟ್ ತೆಗೆಸಿ, ರದ್ದು ಮಾಡಿ, ಮತ್ತೆ ತೆಗೆಸಿದ್ದೇನೆ. ಮುರಿದ ಕೈಯನ್ನು ನೋಡಬೇಕು. ನೋಡಿದರೆ ಪುಸ್ತಕ ನಿಲ್ಲಿಸಿಬಿಡುತ್ತೇನೆ ಎಂಬ ಭಯವೂ ಇದೆ.

ಇನ್ನೊಬ್ಬರ ಭಯವನ್ನು ಬರೆಯಲು ನನ್ನ ಕೈ ಹಿಂಜರಿಯಲಿಲ್ಲ. ಅಪ್ಪನ ಭಯಕ್ಕೆ ಬಂದಾಗ ನಿಂತುಹೋಯಿತು. ಅಧ್ಯಕ್ಷನ ಬಗ್ಗೆ ಬರೆದರೆ ಹಿಂಸೆಯಾದೀತು ಎಂದು ಎಲ್ಲರೂ ಎಚ್ಚರಿಸಿದರು, ನಾನು ಬರೆದೆ. ಅಪ್ಪನ ಬಗ್ಗೆ ಬರೆಯಬೇಡ ಎಂದು ಯಾರೂ ಹೇಳಿರಲಿಲ್ಲ, ಅದನ್ನು ನಾನೇ ಅಳಿಸಿದೆ. ಕೋರ್ಟಿನಲ್ಲಿ ಹೀಗೆ ಮಾಡಿದ್ದರೆ ನೌಕರಿ ಹೋಗುತ್ತಿತ್ತು.

ಹೊಸ ಪುಟ ಬರೆದಿದ್ದೇನೆ. ಅದರಲ್ಲಿ ಅಪ್ಪ ಹೇಳದ ಒಂದು ವಿಷಯವೂ ಇದೆ. ಕೇಳಿ:

'ಅವರು ಮೂರು ಸಲ ತಟ್ಟಿದರು. ಅಪ್ಪ ಚಿಲಕದ ಮೇಲೆ ಕೈ ಇಟ್ಟು, ಹಿಂದೆ ತಿರುಗಿ, ಮೆಟ್ಟಿಲ ಮೇಲೆ ಕೂತಿದ್ದ ನನ್ನನ್ನು ನೋಡಿದರು. ತೆರೆಯಬೇಡ ಎಂದು ನಾನು ತಲೆ ಅಲ್ಲಾಡಿಸಿದೆ.'

ಇದನ್ನು ಯಾರಿಗೂ ಹೇಳಿರಲಿಲ್ಲ. ಅಪ್ಪನನ್ನು ಮುಚ್ಚಿಡುತ್ತಿದ್ದೇನೆ ಎಂದುಕೊಂಡು ನನ್ನನ್ನೇ ಮುಚ್ಚಿಕೊಂಡಿದ್ದೆನೋ ಏನೋ.

ಈಗ ನೀವಿಬ್ಬರೂ ಹೇಳಬೇಕು. ಈ ಪುಸ್ತಕ ಬಂದರೆ ಕಲ್ಲು ಬೀಳುವುದು ನಿಮ್ಮ ಬೀದಿಯಲ್ಲಿ. ಬರಲಿ ಎಂದರೆ ಬರುತ್ತದೆ. ಬೇಡ ಎಂದರೆ ಇಲ್ಲ, ಅದಕ್ಕಾಗಿ ನಿಮ್ಮ ಮೇಲೆ ನನಗೆ ಒಂದು ಕೂದಲಿನಷ್ಟೂ ಬೇಸರವಿರುವುದಿಲ್ಲ.

ಚುಕ್ಕಿ


ಮೇ ೧೪

ಚುಕ್ಕಿಗೆ,

ಕಾಗದವನ್ನು ಮೂರು ಸಲ ಕೂಗಿ ಓದಿದೆ. ಕೊನೆಗೆ ಕಟಿಂಗ್ ಶಾಪಿನಲ್ಲಿ ಕೂತವರಿಗೂ ಬಾಯಿಪಾಠ ಆಗಿರಬೇಕು.

ನೀನು ತಲೆ ಅಲ್ಲಾಡಿಸಿದ್ದು ನೆನಪೇ ಇಲ್ಲ ಎಂದು ಬರೆಯಲು ನಿಮ್ಮಪ್ಪ ಹೇಳುತ್ತಿದ್ದಾರೆ. ಹೇಳುವಾಗ ನಾನು ಅವರ ಮುಖ ನೋಡಿದೆ. ನೆನಪಿದೆ. ನಿನ್ನ ಹೆಗಲಿಂದ ಇಳಿಸಬೇಕು ಅಂತ ಹಾಗೆ ಹೇಳುತ್ತಾರೆ. ಇಳಿಸಿಬಿಡು ಮಗಳೇ. ನಿನಗೆ ಆಗ ಒಂಬತ್ತು ವರ್ಷ. ನಿನ್ನ ಗೊಂಬೆಯ ಅಂಗಿಗೆ ಗುಂಡಿ ಹಾಕಿಕೊಟ್ಟ ವಾರವೇ ಅದು.

ಪುಸ್ತಕ ಬರಲಿ. ಇಬ್ಬರದೂ ಅದೇ ಮಾತು. ಆದರೆ ಎರಡು ವಿಷಯ ಕೇಳು, ಇದು ನನ್ನದು.

ಒಂದು, ಅಧ್ಯಕ್ಷನ ಹೆಂಡತಿ ಮಕ್ಕಳ ಬಗ್ಗೆ ಚುಚ್ಚಿ ಬರೆದಿದ್ದೀಯ, ಅವರ ಮನೆಯ ಪರದೆ, ಅವರ ಕಾರು. ಅದನ್ನು ತೆಗೆ. ಆ ಹುಡುಗಿಯರು ಹುಟ್ಟುವ ಮೊದಲಿನ ವಿಷಯ ಇದು. ಅವರು ಕೊಳ್ಳಿ ಹಿಡಿದಿರಲಿಲ್ಲ. ಅವನು ಮಾಡಿದ್ದನ್ನು ಬರೆ, ಒಂದಕ್ಷರ ಬಿಡಬೇಡ. ನೋವಾಗಲಿ ಅಂತಲೇ ಬರೆದದ್ದನ್ನು ಬಿಟ್ಟರೆ ಪುಸ್ತಕ ತೆಳ್ಳಗಾಗುವುದಿಲ್ಲ.

ಎರಡು, ನೀನು ಬರಬೇಡ. ನಿನ್ನನ್ನು ನೋಡಲು ಆಸೆ ಇಲ್ಲವೆಂದಲ್ಲ. ನೀನು ಬಂದರೆ ಪತ್ರಿಕೆಯವರು ಬರುತ್ತಾರೆ, ಅವರು ಬಂದರೆ ಇವರೂ ಗುಂಪು ಕಟ್ಟುತ್ತಾರೆ. ನೀನು ಹೊರಟುಹೋಗುತ್ತೀಯ, ನಾವು ಇರುತ್ತೇವೆ. ಇಲ್ಲಿರುವವರು ನಾವು, ಪುಸ್ತಕ ಬಂದ ಮೇಲೆ ಬೀದಿಯವರ ಮುಂದೆ ನಾವೇ ಓದುತ್ತೇವೆ. ಎಲ್ಲ ತಣ್ಣಗಾದ ಮೇಲೆ ಬಾ, ಒಂದು ತಿಂಗಳು ಇರುವ ಹಾಗೆ ಬಾ.

ಪ್ಲಾಸ್ಟರ್ ಬಿಚ್ಚಿದ್ದಾರೆ. ಬೆರಳು ಅರ್ಧ ಮಾತ್ರ ಮಡಚುತ್ತವೆ. ಡಾಕ್ಟರು ವ್ಯಾಯಾಮ ಹೇಳಿಕೊಟ್ಟಿದ್ದಾರೆ. ನಿಮ್ಮಪ್ಪ ಆಗಲೇ ಸೂಜಿ ಹಿಡಿಯಲು ಹೋಗಿದ್ದರು. ಸೂಜಿ ಬಚ್ಚಿಟ್ಟಿದ್ದೇನೆ.

ದರ್ಜಿಯಮ್ಮ


ಜೂನ್ ೨೧

ಪ್ರೀತಿಯ ಚುಕ್ಕಿ,

ನಿನ್ನೆ ನಿಮ್ಮಪ್ಪನೂ ನಾನೂ ಪುಸ್ತಕವನ್ನು ಬೀದಿಯವರ ಮುಂದೆ ಓದಿದೆವು. ನೀನು ಕಾಯುತ್ತಿರುತ್ತೀಯ ಎಂದು ಬೆಳಿಗ್ಗೆಯೇ ಬರೆಯಲು ಕೂತೆ.

ಗ್ರಂಥಾಲಯದವರು ಹಾಲ್ ಕೊಡುತ್ತೇವೆ ಎಂದಿದ್ದರು, ಮೊನ್ನೆ ಸುಣ್ಣ ಬಳಿಯುವ ಕೆಲಸ ಇದೆ ಎಂದರು. ಸುಣ್ಣದ ವಾಸನೆ ಎಲ್ಲೂ ಇರಲಿಲ್ಲ. ಇರಲಿ. ನಿಮ್ಮಪ್ಪನ ಅಂಗಡಿಯಲ್ಲೇ ಮಾಡಿದೆವು. ಕತ್ತರಿಸುವ ಯಂತ್ರವನ್ನು ಮೂಲೆಗೆ ತಳ್ಳಿ, ರಟ್ಟಿನ ಕಟ್ಟುಗಳನ್ನೇ ಕೂರಲು ಹಾಕಿದೆವು. ಐದು ಜನ ಬಂದರೆ ಹೆಚ್ಚು ಎಂದುಕೊಂಡಿದ್ದೆ. ಹತ್ತೊಂಬತ್ತು ಜನ ಬಂದರು. ಹೊರಗೆ ಇಬ್ಬರು ಪೊಲೀಸರು. ಅವರಲ್ಲಿ ಒಬ್ಬ ತಾನು ಓದಲಿಕ್ಕೆ ಅಂತ ಒಂದು ಪ್ರತಿ ಕೇಳಿ ತೆಗೆದುಕೊಂಡ, ಟೋಪಿಯ ಒಳಗೆ ಇಟ್ಟುಕೊಂಡ.

ಸಂಜೆ ಐದಕ್ಕೆ ಶುರುವಾಯಿತು. ಬಟ್ಟೆಯ ಹೊರೆಯ ಭಾಗ ನಾನು ಓದಿದೆ. ನಿಮ್ಮ ಬಾಗಿಲಿನ ಪುಟವನ್ನು ನಿಮ್ಮಪ್ಪ ತಾವೇ ಓದುತ್ತೇನೆ ಎಂದರು. ಆಗ ಬೀದಿಯ ತುದಿಯಲ್ಲಿ ಕೂಗಾಟ ಶುರುವಾಯಿತು. ಇಪ್ಪತ್ತು ಮೂವತ್ತು ಜನ ಇರಬೇಕು. ಒಂದು ಕಲ್ಲು ಶಟರಿಗೆ ಬಿತ್ತು, ಒಂದು ಪೊಲೀಸಿನವನ ಭುಜಕ್ಕೆ. ಒಳಗೆ ಎಲ್ಲರೂ ಬಿಳಿಚಿಕೊಂಡರು, ಇಬ್ಬರು ಎದ್ದು ಹಿತ್ತಲ ಬಾಗಿಲಿಂದ ಹೋಗಿಬಿಟ್ಟರು. ಅವರನ್ನು ನಾನು ದೂರುವುದಿಲ್ಲ. ನಿಮ್ಮಪ್ಪನಿಗೆ ಮಾತ್ರ ಒಂದು ಕೂಗೂ ಕೇಳಿಸಲಿಲ್ಲ. ಅವರ ಪಾಡಿಗೆ ಅವರು, ಒಂದೊಂದೇ ಪದ ಬಿಡಿಸಿ, ಅಲ್ಪವಿರಾಮ ಬಂದಲ್ಲೆಲ್ಲ ನಿಂತು, ಓದುತ್ತಾ ಹೋದರು. ಅವರು ಹೆದರದೇ ಇರುವುದನ್ನು ನೋಡಿ ಉಳಿದವರೂ ಕೂತರು. ಅವರಿಗೆ ಕೇಳಿಸುತ್ತಿಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ.

ಓದಿ ಮುಗಿಸಿ, 'ಆ ಬಾಗಿಲು ಇದೇ' ಎಂದು ತಮ್ಮ ಹಿಂದಿದ್ದ ಬೀದಿ ಬಾಗಿಲ ಕಡೆ ತೋರಿಸಿ ಕೂತರು.

ಆಮೇಲೆ ಕಟಿಂಗ್ ಶಾಪಿನವರು ಎದ್ದು ನಿಂತರು. ಕೈಯಲ್ಲಿ ಇನ್ನೂ ಬಾಚಣಿಗೆ ಇತ್ತು.

'ಮೊದಲು ನನ್ನ ಬಾಗಿಲು ತಟ್ಟಿದ್ದು' ಎಂದರು. 'ನಾನು ಕುರ್ಚಿ ಅಡ್ಡ ಇಟ್ಟುಕೊಂಡೆ.'

ಅವರು ಕೂರುವ ಮೊದಲೇ ಪೆನ್ನು ಪುಸ್ತಕದ ಅಂಗಡಿಯ ಅಜ್ಜಿ, ಕೂತಲ್ಲಿಂದಲೇ, 'ನಮ್ದೂ ತಟ್ಟಿದ್ರು. ನಮ್ಮೆಜಮಾನ್ರು ಮನೇಲಿಲ್ಲ ಅಂತ ಹೇಳು ಅಂದ್ರು. ಹೇಳ್ದೆ' ಎಂದರು. ಗಡಿಯಾರ ರಿಪೇರಿಯವರು ಸುಮ್ಮನೆ ಕೈ ಎತ್ತಿದರು, ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ.

ನಾಲ್ಕು ಬಾಗಿಲು, ಚುಕ್ಕಿ. ಆ ಹೊರೆ ಹೊತ್ತುಕೊಂಡು ನಾಲ್ಕು ಬಾಗಿಲಿಗೆ ಹೋಗಿದ್ದಾರೆ. ಹದಿಮೂರು ಮನೆಗೆ ಸುಮ್ಮನೆ ಕ್ಷಮೆ ಹಂಚಿಬಿಟ್ಟಿದ್ದೆ, ಮೂರನ್ನು ವಾಪಸು ತೆಗೆದುಕೊಳ್ಳಬೇಕಾಯಿತು. ಅವರೆಲ್ಲರೂ ತಲೆ ತಗ್ಗಿಸಿ ಕೂತಿದ್ದರು. ನಾನು ಏನಾದರೂ ಹೇಳುತ್ತೇನೆ ಎಂದು ಕಾಯುತ್ತಿದ್ದರು ಅನ್ನಿಸುತ್ತದೆ. 'ಆ ದಿನ ಬೆಳಿಗ್ಗೆಯಿಂದ ಕರೆಂಟು ಇತ್ತಾ?' ಎಂದು ಕೇಳಿದೆ. 'ಇರಲಿಲ್ಲ' ಎಂದು ಎಲ್ಲರೂ ಒಟ್ಟಿಗೆ ಹೇಳಿದರು. 'ಅದನ್ನ ಬರೆದು ಸಹಿ ಹಾಕ್ತೀರಾ?' ಎಂದೆ. ಹಾಕಿದರು. ಕಟಿಂಗ್ ಶಾಪಿನವರು, ಅಜ್ಜಿ, ಗಡಿಯಾರದವರು, ಇನ್ನಿಬ್ಬರು. ನಿಮ್ಮಪ್ಪ ಎಡಗೈಯಲ್ಲಿ ಹಾಕಿದರು, ಕೋಳಿ ಕೆದಕಿದ ಹಾಗಿದೆ. ಒಟ್ಟು ಆರು. ಅದನ್ನು ಎಲ್ಲಿಗೆ, ಹೇಗೆ ಕೊಡಬೇಕೆಂದು ನಿನ್ನ ಕೋರ್ಟಿನಲ್ಲಿ ತಿಳಿದವರನ್ನು ಕೇಳಿ ಬರೆ.

ಎಲ್ಲವೂ ಒಳ್ಳೆಯದಾಯಿತು ಎಂದು ತಿಳಿಯಬೇಡ. ಇವತ್ತು ಬೆಳಿಗ್ಗೆ ಕಟಿಂಗ್ ಶಾಪಿನ ದೊಡ್ಡ ಕನ್ನಡಿ ಒಡೆದಿತ್ತು. ಅವರು ಚಿಕ್ಕ ಕನ್ನಡಿಯೊಂದನ್ನು ಮೊಳೆಗೆ ನೇತುಹಾಕಿ ಕೆಲಸ ಶುರುಮಾಡಿದ್ದಾರೆ. ಇಷ್ಟಕ್ಕೇ ನಿಲ್ಲುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಪುಸ್ತಕ ಬಾರದೇ ಇದ್ದಿದ್ದರೆ ಆ ಕನ್ನಡಿ ಒಡೆಯುತ್ತಿರಲಿಲ್ಲ, ಅದೂ ನಿಜ. ಅವರನ್ನೇ ಕೇಳಿದೆ. 'ಇಷ್ಟು ವರ್ಷ ಅದರಲ್ಲಿ ದಿನಾ ಮುಖ ನೋಡ್ಕೋಬೇಕಿತ್ತಲ್ಲ' ಎಂದು ನಕ್ಕರು. ಆದರೂ ಗುಡಿಸುವಾಗ ಎರಡು ಸಲ ತಿರುಗಿ ಬೀದಿ ನೋಡಿದರು.

ನಿನ್ನೆ ಎಲ್ಲರೂ ಹೋದ ಮೇಲೆ ನಾವಿಬ್ಬರೇ ರಟ್ಟಿನ ಕಟ್ಟುಗಳನ್ನು ಜೋಡಿಸಿದೆವು. ಅವರು ಒಂದೇ ಕೈಯಲ್ಲಿ ಎತ್ತಿ ಕೊಡುತ್ತಿದ್ದರು, ನಾನು ಇಡುತ್ತಿದ್ದೆ. ನಡುವೆ ನಿಂತು ಕೇಳಿದರು.

'ನನ್ನ ಮೇಲೆ ಕೋಪ ಇದೆಯಾ?'

ಅವರ ಬಲಗಿವಿಯ ಹತ್ತಿರ ಹೋಗಿ ಹೇಳಿದೆ. 'ಇದೆ.'

ಅವರು ತಲೆ ಆಡಿಸಿದರು. ನಾನು ಸೆರಗು ಕೊಡವಿಕೊಂಡು ಚಪ್ಪಲಿ ಮೆಟ್ಟಿದೆ.

'ನಾಳೆ ಹತ್ತು ಗಂಟೆಗೆ ಬರ್ತೀನಿ' ಎಂದೆ. 'ಬೆರಳಿನ ವ್ಯಾಯಾಮ ಇನ್ನೂ ಮೂರು ವಾರ ಬಾಕಿ ಇದೆ.'

ಈಗ ಹತ್ತಾಗುತ್ತಾ ಬಂತು. ಹೊರಡುತ್ತೇನೆ.

ನಿನ್ನ
ಅತ್ತೆ